ಅಟ್ಟದ ಬಾಯಿಗೆ ನಿಂತ ಗೋಲ್‌ಕೀಪರ್

ಡೈರಿ ಬರೆಯುವವರು ಬಹಳ ಪ್ರಾಮಾಣಿಕರು ಎಂದು ಜನ ನಂಬಿದ್ದಾರೆ. ನಾನು ಕಂಡಂತೆ ಅವರು ತಮ್ಮನ್ನು ತಾವು ನಂಬದವರು, ಅಷ್ಟೆ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ಕಣ್ಣಾರೆ ಕಂಡೆ ಎನ್ನುವವನ ಸಾಕ್ಷಿಯನ್ನೇ ಎಲ್ಲಕ್ಕಿಂತ ಮೊದಲು ಅನುಮಾನಿಸಬೇಕು ಎಂದು ನಮ್ಮ ಮೇಷ್ಟ್ರೊಬ್ಬರು ಕಲಿಸಿದ್ದರು. ಆ ಅನುಮಾನವನ್ನು ಶಾಸನಗಳ ಮೇಲೋ ಹಳೆಯ ಕಡತಗಳ ಮೇಲೋ ಪ್ರಯೋಗಿಸುವ ಭಾಗ್ಯ ನನಗೆ ಒದಗಲಿಲ್ಲ. ಕಲಿತದ್ದು ದಂಡವಾಗಬಾರದೆಂದು ಅಷ್ಟನ್ನೂ ನನ್ನ ಮೇಲೇ ಪ್ರಯೋಗಿಸಿಕೊಂಡು ಬಂದಿದ್ದೇನೆ. ನನ್ನ ಬದುಕಿನ ಅತಿ ಮುಖ್ಯವಾದ ಮೂರು ನಾಲ್ಕು ಸೆಕೆಂಡುಗಳಿಗೆ ಮೂರು ಸಾಕ್ಷಿಗಳಿವೆ: ನನ್ನ ನೆನಪು, ನನ್ನ ಡೈರಿ, ಮತ್ತು ನನ್ನ ಗೆಳೆಯ ನಯಾಜನ ಮೊಬೈಲಿನಲ್ಲಿರುವ ಒಂದು ವಿಡಿಯೊ. ಒಂದು ಹೇಳಿದ್ದನ್ನು ಇನ್ನೊಂದು ಹೇಳುವುದಿಲ್ಲ. ದುರದೃಷ್ಟವೆಂದರೆ ತಿಪಟೂರಿನ ಜನ ಮೂರನೆಯದನ್ನು ಮಾತ್ರ ನೋಡಿದ್ದಾರೆ.

ನಾನು ವೃತ್ತಿಯಿಂದ ಗೋಲ್‌ಕೀಪರ್. ಹೀಗೆಂದರೆ ನಮ್ಮ ಬಿಳಿಗೆರೆಯಲ್ಲಿ ಯಾರಿಗೂ ಸಮಾಧಾನವಾಗುವುದಿಲ್ಲ. "ಅಂದ್ರೆ ವಿಕೆಟ್ ಕೀಪರ್ರಾ?" ಅನ್ನುತ್ತಾರೆ. ಅಲ್ಲ, ಫುಟ್‌ಬಾಲು, ಮೂರು ವರ್ಷ ಮಾಲ್ಡೀವ್ಸ್ ದೇಶದ ಒಂದು ತಂಡದಲ್ಲಿದ್ದೆ ಅಂದರೆ, "ಅಲ್ಲಿಗೆ ಮದುವೆಯಾದೋರು ಹೋಯ್ತಾರಲ್ವಾ? ನೀನೊಬ್ನೇ ಹೋಗಿದ್ಯಾ?" ಎಂದು ಕರುಣೆಯಿಂದ ಕೇಳುತ್ತಾರೆ. ಒಮ್ಮೆ ಬಸ್ಸಿನಲ್ಲಿ ಮಾಯಸಂದ್ರದ ಹಿರಿಯರೊಬ್ಬರು ನನ್ನ ಕೆಲಸವೇನೆಂದು ಸಾವಧಾನವಾಗಿ ಕೇಳಿ ತಿಳಿದುಕೊಂಡರು. "ಹತ್ತು ಜನ ಓಡಾಡ್ತಾರೆ, ನೀನು ನಿಂತಿರ್ತೀಯ. ಬಂದಿದ್ದನ್ನ ಹಿಡೀಬೇಕು. ಹಿಡಿದ್ರೆ ಯಾರೂ ಕೇಳಲ್ಲ, ಬುಟ್ರೆ ಎಲ್ರೂ ಕೇಳ್ತಾರೆ" ಎಂದು ಒಪ್ಪಿಸಿ, "ಇದಕ್ಕೆ ಅಷ್ಟು ದೂರ ಯಾಕಪ್ಪ ಹೋಗ್ಬೇಕಿತ್ತು?" ಎಂದು ಇಳಿದು ಹೋದರು. ಅಂದಿನ ಡೈರಿಯಲ್ಲಿ ಆ ಮಾತನ್ನು ಬರೆದಿಟ್ಟಿದ್ದೇನೆ. ಅದಕ್ಕೆ ಉತ್ತರ ಬರೆಯಲು ಬಿಟ್ಟ ಅರ್ಧ ಪುಟ ಇನ್ನೂ ಖಾಲಿ ಇದೆ.

ನಾನು ಗೋಲ್‌ಕೀಪರ್ ಆದದ್ದು ಅಟ್ಟದಿಂದ. ನಮ್ಮ ಕಡೆ ಕೊಬ್ಬರಿಗೆಂದು ಇಟ್ಟ ತೆಂಗಿನಕಾಯನ್ನು ಒಡೆದು ಒಣಗಿಸುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಅಲ್ಲಾಡಿಸಿದರೆ ಗುಡುಗುಡು ಅನ್ನುವವರೆಗೆ ಹತ್ತು ಹನ್ನೊಂದು ತಿಂಗಳು ಸುಮ್ಮನಿರುತ್ತೇವೆ. ಕಾಯನ್ನು ಅಟ್ಟಕ್ಕೆ ಏರಿಸುವುದೇ ಒಂದು ಕಸುಬು. ಕೆಳಗೆ ಒಬ್ಬ ನಿಂತು ಕೈಗೊಂದರಂತೆ ಎರಡೆರಡು ಕಾಯಿ ಎಸೆಯುತ್ತಾನೆ. ಅಟ್ಟದ ಬಾಯಲ್ಲಿ ನಿಂತವನು ಒಂದಾದ ಮೇಲೊಂದು ಹಿಡಿದು, ಸೊಂಟ ತಿರುಗಿಸಿ, ಹಿಂದೆ ಮೆತ್ತಗೆ ಇಟ್ಟು, ಮತ್ತೆ ಮುಂದಕ್ಕೆ ಕೈಚಾಚುತ್ತಾನೆ. ಹಿಂದಿರುವವನು ಅದನ್ನು ಜೋಡಿಸುತ್ತಾನೆ. ಎಸೆಯುವವನಿಗೆ ಮೇಲೆ ನೋಡುವ ಪುರಸೊತ್ತಿಲ್ಲ, ಹಿಡಿಯುವವನಿಗೆ ಹಿಂದೆ ನೋಡುವ ಪುರಸೊತ್ತಿಲ್ಲ. ಕಾಯಿ ಕೈತಪ್ಪಿ ಕೆಳಗಿನ ಚಪ್ಪಡಿಗೆ ಬಿತ್ತೋ, ಒಳಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅದು ಹೊರಗೆ ಕಾಣುವುದಿಲ್ಲ. ಹತ್ತು ತಿಂಗಳಾದ ಮೇಲೆ ಕೊಳೆತು, ಪಕ್ಕದವನ್ನೂ ಕೆಡಿಸಿ, ಅಂದು ಅಟ್ಟದ ಬಾಯಲ್ಲಿ ಯಾರಿದ್ದರು ಎಂದು ಮನೆಯವರೆಲ್ಲ ಸೇರಿ ನೆನಪು ಮಾಡಿಕೊಳ್ಳುವಂತೆ ಮಾಡುತ್ತದೆ.

ನಮ್ಮ ಮನೆಯಲ್ಲಿ ಎಸೆಯುವವನು ಕೆಂಪಣ್ಣ. ಈಗ ಅವನಿಗೆ ಅರವತ್ತರ ಮೇಲಾಗಿದೆ, ಎಸೆತ ಹಾಗೇ ಇದೆ. ಹೈಸ್ಕೂಲಿನಲ್ಲಿದ್ದಾಗಿನಿಂದ ನಾನು ಅಟ್ಟದ ಬಾಯಿಯ ಕಾಯಂ ಆಸಾಮಿ. ಒಂದು ದಿನವಿಡೀ ಹಿಡಿದರೂ ಒಂದೂ ಬಿಡುತ್ತಿರಲಿಲ್ಲವಂತೆ. ಇದು ನನ್ನ ನೆನಪಲ್ಲ, ಅಕ್ಕ ಗಿರಿಜಳ ಹೇಳಿಕೆ. ಅಕ್ಕ ಹೊಗಳುವವಳಲ್ಲವಾದ್ದರಿಂದ ಸದ್ಯಕ್ಕೆ ಒಪ್ಪಿಕೊಂಡಿದ್ದೇನೆ. ತಿಪಟೂರಿನ ಕಾಲೇಜಿಗೆ ಸೇರಿದಾಗ ನಯಾಜ್ ಸಿಕ್ಕಿದ. ಅವರಪ್ಪನದು ಬೈಕ್ ರಿಪೇರಿ ಅಂಗಡಿ. ಅವನಿಗೆ ಗೋಲಿಗೆ ಒದೆಯುವ ಹುಚ್ಚು, ಎದುರಿಗೆ ನಿಲ್ಲುವವರು ಯಾರೂ ಇರಲಿಲ್ಲ. ಒಂದು ಸಂಜೆ ಸುಮ್ಮನೆ ನಿಂತೆ. ಅವನು ಇಪ್ಪತ್ತು ಸಲ ಒದ್ದ, ಇಪ್ಪತ್ತನ್ನೂ ಹಿಡಿದೆ. "ಕ್ಯಾ ಯಾರ್, ಕೈಗೆ ಗೋಂದು ಹಚ್ಕೊಂಡು ಬಂದಿದ್ಯಾ?" ಅಂದ. ಚೆಂಡು ತೆಂಗಿನಕಾಯಿಗಿಂತ ಹಗುರ, ದೊಡ್ಡದು, ಒಂದೇ ಬರುತ್ತದೆ. ಇದರಲ್ಲೇನು ಕಷ್ಟ ಎಂದು ನನಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಆ ಅಜ್ಞಾನವೊಂದನ್ನೇ ಬಂಡವಾಳ ಮಾಡಿಕೊಂಡು ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ ತಂಡಕ್ಕೆ ಆಡಿದೆ, ಬೆಂಗಳೂರಿನ ಒಂದು ಕ್ಲಬ್ಬಿಗೆ ಆಡಿದೆ, ಒಬ್ಬ ಏಜೆಂಟನ ಕಣ್ಣಿಗೆ ಬಿದ್ದು ಸಮುದ್ರ ದಾಟಿದೆ.

ಮಾಲ್ಡೀವ್ಸಿನಲ್ಲಿ ವಿಮಾನ ಇಳಿದಾಗ ಸುತ್ತಲೂ ಕಂಡದ್ದು ತೆಂಗಿನ ಮರ. ಇಷ್ಟಕ್ಕೆ ಪಾಸ್‌ಪೋರ್ಟ್ ಬೇಕಿತ್ತೇ ಅನ್ನಿಸಿತು. ಅಲ್ಲಿನ ಕಾಯನ್ನು ಕೈಯಲ್ಲಿ ತೂಗಿ ನೋಡಿ, ಇದು ಕೊಬ್ಬರಿಗೆ ಬರುವುದಿಲ್ಲ ಎಂದು ಮೊದಲ ದಿನವೇ ಡೈರಿಯಲ್ಲಿ ತೀರ್ಪು ಬರೆದಿದ್ದೇನೆ. ಊಟಕ್ಕೆ ಬೆಳಿಗ್ಗೆ ಮೀನು, ಮಧ್ಯಾಹ್ನ ಮೀನು, ಸಂಜೆ ಟೀ ಜೊತೆ ಕಚ್ಚುವುದಕ್ಕೂ ಮೀನು. ಮೊಟ್ಟೆಯನ್ನೂ ಮುಟ್ಟದ ಮನೆಯಿಂದ ಹೋದ ನಾನು ಅನ್ನಕ್ಕೆ ಕಾಯಿತುರಿ ಕಲಸಿಕೊಂಡು ಮೂರು ವರ್ಷ ಕಳೆದೆ. ಜೊತೆಯ ಆಟಗಾರರು ನನಗೆ ಯಾವುದೋ ಕಾಯಿಲೆ ಇರಬೇಕೆಂದು ತಿಳಿದು ಬಹಳ ಸೌಜನ್ಯದಿಂದ ನಡೆದುಕೊಂಡರು. ಆಡಿದ್ದು ಕಡಿಮೆ. ತಂಡದ ಮೊದಲ ಗೋಲ್‌ಕೀಪರ್ ಗಟ್ಟಿ ಆಳು, ಅವನಿಗೆ ಜ್ವರವೂ ಬರುತ್ತಿರಲಿಲ್ಲ. ವಿದೇಶದಲ್ಲಿ ಮೂರು ವರ್ಷ ಫುಟ್‌ಬಾಲ್ ಆಡಿದೆ ಎನ್ನುತ್ತೇನಲ್ಲ, ಅದರಲ್ಲಿ ಬಹುಪಾಲು ನಾನು ಕುಳಿತಿದ್ದೆ. ಪಂದ್ಯ ಮುಗಿದ ಮೇಲೆ ಎಲ್ಲರ ಬಟ್ಟೆ ಕೆಸರಾಗಿರುತ್ತಿತ್ತು. ನನ್ನದು ಮಾತ್ರ ಇಸ್ತ್ರಿ ಮಾಡಿದಂತೆ. ಒಗೆಯುವವನಿಗೆ ನನ್ನ ಮೇಲೆ ವಿಶೇಷ ಪ್ರೀತಿಯಿತ್ತು.

ಮೂರನೆಯ ವರ್ಷದ ಕೊನೆಯ ಪಂದ್ಯಕ್ಕೆ ಎರಡು ದಿನವಿದ್ದಾಗ ಆ ಗಟ್ಟಿ ಆಳಿನ ಭುಜ ಕೀಲು ತಪ್ಪಿತು. ನಾನು ಅದಕ್ಕೆ ಹರಕೆ ಹೊತ್ತಿರಲಿಲ್ಲ ಎಂದು ನಂಬಿದ್ದೇನೆ. ಡೈರಿಯಲ್ಲಂತೂ ಇಲ್ಲ. ಕೋಚ್ ಮಾತು ಕಡಿಮೆಯ ಮನುಷ್ಯ. ನನ್ನನ್ನು ಕರೆದು, "ಒಂದೂ ಬಿಡಬೇಡ. ಬಿಡದಿದ್ದರೆ ಮುಂದಿನ ಎರಡು ವರ್ಷಕ್ಕೆ ಪಂದ್ಯದ ಮಾರನೆಯ ದಿನವೇ ಸಹಿ. ಬಿಟ್ಟರೆ ನಿನಗೇ ಗೊತ್ತು" ಅಂದ. ಪಂದ್ಯದ ದಿನ ಬೆಳಿಗ್ಗೆ ಅಕ್ಕನ ಫೋನು ಬಂತು. "ಇವತ್ತು ಅಟ್ಟ ತುಂಬ್ತಾ ಇದೀವಿ ಕಣ್ಲಾ ಲೋಕಿ. ನಿನ್ನ ಜಾಗದಲ್ಲಿ ಯಾರೋ ಬಂದವ್ನೆ, ಆಗ್ಲೇ ನಾಕು ಬುಟ್ಟವ್ನೆ. ಕೆಂಪಣ್ಣ ಒಂದೇ ಸಮ ನಿನ್ನ ಹೆಸರೇಳಿ ಬಯ್ತಾವ್ನೆ" ಅಂದಳು. ಫೋನಿನ ಹಿಂದೆ ಕಾಯಿ ಬೀಳುವ ಸದ್ದು, ಕೆಂಪಣ್ಣನ ಬೈಗುಳ ಕೇಳುತ್ತಿತ್ತು. ಇಡೀ ದಿನ ಆ ಸದ್ದು ನನ್ನ ಕಿವಿಯಲ್ಲಿತ್ತು. ಅಥವಾ ಇತ್ತೆಂದು ಆಮೇಲೆ ಸೇರಿಸಿಕೊಂಡೆನೋ, ಹೇಳಲಾರೆ.

ಎಂಬತ್ತು ನಿಮಿಷದವರೆಗೆ ಎರಡೂ ಕಡೆ ಸೊನ್ನೆ. ಇಲ್ಲಿಂದ ಮುಂದೆ ಸಾಕ್ಷಿಗಳು ಬೇರೆಯಾಗುತ್ತವೆ. ನನ್ನ ನೆನಪು ಹೇಳುವುದು: ಸಮುದ್ರದ ಕಡೆಯಿಂದ ಭಾರಿ ಗಾಳಿ, ಒದ್ದೆ ಚೆಂಡು, ಹಿಡಿದ ರಭಸಕ್ಕೆ ಕಾಲು ಜಾರಿ ಒಂದು ಹೆಜ್ಜೆ ಹಿಂದೆ ಹೋದೆ, ಆ ಒಂದು ಹೆಜ್ಜೆಯಲ್ಲಿ ಗೆರೆ ದಾಟಿತು. ಡೈರಿ ಹೇಳುವುದು: "ಗಾಳಿ ಇಲ್ಲ, ಸೆಖೆ. ಸೊನ್ನೆ-ಒಂದು. ಕೈ ಚೆನ್ನಾಗಿತ್ತು." ಯಾರೋ ಅಭಿಮಾನಿ ತೆಗೆದು ಹರಿಯಬಿಟ್ಟ ವಿಡಿಯೊ ಹೇಳುವುದು ಇದು: ಎದುರಾಳಿ ಒದೆಯುತ್ತಾನೆ, ಕಾಲಿಂದ ತಡೆಯುತ್ತೇನೆ. ಚೆಂಡು ಅವರಿಗೇ ಸಿಗುತ್ತದೆ, ಮತ್ತೆ ಒದೆಯುತ್ತಾರೆ, ಎದೆಯಿಂದ ತಡೆಯುತ್ತೇನೆ. ಮೂರನೆಯದು ಜೋರಾಗಿ ಎದೆಯೆತ್ತರಕ್ಕೆ ಬರುತ್ತದೆ. ಎರಡೂ ಕೈಯಲ್ಲಿ ಸೊಗಸಾಗಿ ಹಿಡಿಯುತ್ತೇನೆ. ಜನ ಚಪ್ಪಾಳೆ ತಟ್ಟುವುದೂ ಕೇಳುತ್ತದೆ. ಆಮೇಲೆ ಸೊಂಟ ತಿರುಗಿಸಿ, ನಿದ್ದೆ ಹೋದ ಮಗುವನ್ನು ಮಲಗಿಸುವಷ್ಟು ಮೆತ್ತಗೆ ಚೆಂಡನ್ನು ಹಿಂದೆ ಬಲೆಯೊಳಗೆ ಇಡುತ್ತೇನೆ. ಇಷ್ಟಕ್ಕೇ ನಿಂತಿದ್ದರೆ ಏನಾದರೂ ನೆಪ ಹೇಳಬಹುದಿತ್ತು. ಇಟ್ಟ ಮೇಲೆ ಮುಂದಕ್ಕೆ ತಿರುಗಿ, ಎರಡೂ ಕೈ ಚಾಚಿ, ಇನ್ನೊಂದು ಬರಲಿ ಎಂದು ನಿಂತಿದ್ದೇನೆ. ಇಪ್ಪತ್ತೊಂದು ಜನ ಆಟಗಾರರು ನನ್ನನ್ನು ನೋಡುತ್ತಿದ್ದಾರೆ. ನಾನು ಕೆಂಪಣ್ಣನಿಗಾಗಿ ಕಾಯುತ್ತಿದ್ದೇನೆ.

ಕೋಚ್ ಬಯ್ಯಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕುಳಿತು, "ನಿನ್ನ ಕಡೆಯಲ್ಲಿ ಇದನ್ನು ಹೀಗೆ ಆಡುತ್ತಾರಾ?" ಎಂದು ಕೇಳಿದ. ಅಟ್ಟದ ವಿಷಯ ಇಂಗ್ಲಿಷಿನಲ್ಲಿ ವಿವರಿಸಲು ಹೊರಟೆ. ಸಿಪ್ಪೆ, ಚಪ್ಪಡಿ, ಹನ್ನೊಂದು ತಿಂಗಳು ಎಂದೆಲ್ಲ ಹೇಳುತ್ತಿದ್ದಂತೆ ಅವನು ನನ್ನ ತೊಡೆ ತಟ್ಟಿ ಎದ್ದು ಮುಂದಿನ ಸೀಟಿಗೆ ಹೋದ. ಮಾರನೆಯ ದಿನ ಸಹಿಯಾಯಿತು, ನನ್ನ ವಿಮಾನದ ಟಿಕೆಟ್ಟಿಗೆ.

ಊರಿಗೆ ಬಂದು ಎರಡು ವರ್ಷವಾಯಿತು. ತಿಪಟೂರಿನ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಆದರೆ ಯಾರಾದರೂ ಕೇಳಿದರೆ ಈಗಲೂ ಗೋಲ್‌ಕೀಪರ್ ಎಂದೇ ಹೇಳುತ್ತೇನೆ. ಆಡದಿದ್ದಾಗಲೂ ಅದೇ ಆಗಿದ್ದೆನಲ್ಲ, ಅಭ್ಯಾಸ. ದಿನಾ ಸಂಜೆ ನಯಾಜನ ಗ್ಯಾರೇಜಿನ ಹಿಂದಿನ ಬಯಲಿನಲ್ಲಿ ಅವನು ಒದೆಯುತ್ತಾನೆ, ನಾನು ಗುದ್ದುತ್ತೇನೆ. ಹಿಡಿಯುವುದಿಲ್ಲ. ಹಿಡಿದರೆ ತಾನೆ ಹಿಂದೆ ಇಡುವ ಯೋಚನೆ? ಮುಷ್ಟಿ ಬಿಗಿದು ಬಂದದ್ದನ್ನು ಬಂದ ಕಡೆಗೇ ಗುದ್ದಿ ಕಳಿಸುವುದನ್ನು ಎರಡು ವರ್ಷ ಕಲಿತಿದ್ದೇನೆ. "ಲೇ, ಒಂದ್ಸಲನಾದ್ರೂ ಹಿಡ್ಕೊಳ್ಳೋ, ತರೋಕೆ ಓಡೀ ಓಡೀ ಮಂಡಿ ಹೋಯ್ತು" ಎಂದು ನಯಾಜ್ ಅಳುತ್ತಾನೆ. ಅಟ್ಟ ತುಂಬುವ ದಿನ ಬಂದರೆ ನನಗೆ ಶಾಲೆಯಲ್ಲಿ ತುರ್ತು ಕೆಲಸವಿರುತ್ತಿತ್ತು. ಭಾನುವಾರವಾದರೂ ಇರುತ್ತಿತ್ತು.

ಹೀಗಿರುವಾಗ ಕಳೆದ ತಿಂಗಳು ಹಳೆಯ ಏಜೆಂಟನಿಂದ ಸಂದೇಶ ಬಂತು. ಭೂತಾನಿನ ಒಂದು ತಂಡಕ್ಕೆ ಗೋಲ್‌ಕೀಪರ್ ಬೇಕು, ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತಾರೆ, ಇತ್ತೀಚಿನ ಮೂರು ನಿಮಿಷದ ವಿಡಿಯೊ ಕಳಿಸು ಎಂದು. ನನಗೆ ಮೂವತ್ತಮೂರು. ಇನ್ನೊಂದು ವರ್ಷ ಕಳೆದರೆ ಯಾವ ದೇಶದಿಂದಲೂ ಸಂದೇಶ ಬರುವುದಿಲ್ಲವೆಂದು ಗೊತ್ತಿತ್ತು. ಇದೊಂದು ಸಿಕ್ಕರೆ ಆ ಹಾಳು ವಿಡಿಯೊ ನನ್ನ ಕತೆಯ ಕೊನೆಯಾಗಿ ಉಳಿಯದೆ ನಡುವಿನಲ್ಲೆಲ್ಲೋ ಸೇರಿಹೋಗುತ್ತದೆ, ಬೇಕಾಗಿದ್ದದ್ದು ಅಷ್ಟೆ. ಆದರೆ ನನ್ನ ಇಡೀ ವೃತ್ತಿಜೀವನದಲ್ಲಿ ಇದ್ದ ವಿಡಿಯೊ ಅದೊಂದೇ. ಚೆಂಡು ಹಿಡಿದದ್ದನ್ನು ಯಾರೂ ಚಿತ್ರ ತೆಗೆದಿರಲಿಲ್ಲ. ನಯಾಜ್ ಧೈರ್ಯ ಹೇಳಿದ: "ಭಾನುವಾರ ಬತ್ತೀನಿ ಬುಡು. ಬಯಲಲ್ಲಿ ನಿಲ್ಲು, ನಾನ್ ಒದೀತೀನಿ, ತಮ್ಮನ ಕೈಲಿ ಮೊಬೈಲ್ ಕೊಡೋಣ. ಮೂರು ನಿಮಿಷ ತಾನೆ, ಬಿರಿಯಾನಿ ಬೇಯೋ ಹೊತ್ತಲ್ಲ."

ಅದೇ ಭಾನುವಾರ ಬೆಳಿಗ್ಗೆ ಅಕ್ಕ ಅಟ್ಟ ತುಂಬಲು ಇಟ್ಟುಕೊಂಡಿದ್ದಳು. ಹಿಡಿಯಬೇಕಾದವನು ಬೆನ್ನು ಹಿಡಿದುಕೊಂಡಿದೆ ಎಂದು ಹೇಳಿಕಳಿಸಿದ್ದ. ಕಾಯಿಯ ರಾಶಿ ಅಂಗಳದಲ್ಲಿತ್ತು. ಕೆಂಪಣ್ಣ ಸೊಂಟಕ್ಕೆ ಟವೆಲು ಕಟ್ಟಿ ನಿಂತಿದ್ದ. ಭಾವ ಆಗಲೇ ಅಟ್ಟದೊಳಗೆ ಜೋಡಿಸಲು ಕುಳಿತಾಗಿತ್ತು. ನಾನು ಶೂ ಹಾಕಿಕೊಳ್ಳುತ್ತಿದ್ದೆ.

"ಎಲ್ಲಿಗ್ಲಾ?" ಅಂದಳು ಅಕ್ಕ.

"ಪ್ರಾಕ್ಟೀಸು."

"ಇಲ್ಲೇ ಮಾಡು. ಮೇಲೆ ಹತ್ತು."

"ಆಗಲ್ಲ ಕಣಕ್ಕ. ಸಂಜೆ ವಿಡಿಯೊ ಇದೆ. ಕೈಗೇನಾದ್ರೂ ಆದ್ರೆ?"

"ಹದಿನೈದು ವರ್ಷ ಹಿಡಿದಿದೀಯ, ಕೈಗೇನಾಗಿತ್ತು? ಪರದೇಶದೋರು ಕರುದ್ರೆ ಮೀನು ವಾಸ್ನೆ ಕುಡ್ಕಂಡು ಮೂರು ವರ್ಷ ಬೆಂಚ್ ಮೇಲೆ ಕೂರ್ತೀಯ. ಮನೇಲಿ ಒಂದ್ ಬೆಳಿಗ್ಗೆ ನಿಂತ್ಕಳೋಕೆ ಆಗಲ್ವಾ?"

ಕೆಂಪಣ್ಣ ರಾಶಿಯಿಂದ ಒಂದು ಕಾಯಿ ಎತ್ತಿ ತಟ್ಟಿ ನೋಡುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದ: "ಹಿಡಿಯೋದು ಒಂದ್ಸಲ ಬಂದ್ರೆ ಸಾಯೋಗಂಟ ಹೋಗಲ್ಲ ಕಣವ್ವ. ಅಪ್ಪಾಜಿ ಭಯ ಬಿದ್ದವ್ರೆ, ಅಷ್ಟೆ." ಅವನು ನನ್ನನ್ನು ಚಿಕ್ಕಂದಿನಿಂದ ಅಪ್ಪಾಜಿ ಎಂದೇ ಕರೆಯುವುದು. ಅವನು ಬೈದಿದ್ದರೆ ಹೊರಟುಹೋಗುತ್ತಿದ್ದೆ. ಶೂ ಬಿಚ್ಚಿ ಏಣಿ ಹತ್ತಿದೆ.

ಮೊದಲ ಅರ್ಧ ಗಂಟೆ ನನ್ನ ಬದುಕಿನ ಒಳ್ಳೆಯ ಅರ್ಧ ಗಂಟೆಗಳಲ್ಲೊಂದು. ಇದನ್ನು ಬರೆಯುವಾಗಲೂ ಹೆಚ್ಚು ಮಾಡುತ್ತಿಲ್ಲವೆಂದು ನನಗೆ ಸಾಕಷ್ಟು ಖಾತ್ರಿಯಿದೆ. ಕಾಯಿ ಬರುತ್ತಿತ್ತು, ಕೈಗೆ ಕೂರುತ್ತಿತ್ತು, ಸೊಂಟ ತಿರುಗುತ್ತಿತ್ತು. ಹಿಂದಿನಿಂದ ಭಾವ, ಮಾತೇ ಆಡದ ಮನುಷ್ಯ, "ಪರ್ವಾಗಿಲ್ಲ" ಅಂದರು. ಅಷ್ಟರಲ್ಲಿ ನಯಾಜ್ ಹೇಳಿದ ಹೊತ್ತಿಗಿಂತ ಮೊದಲೇ ಬಂದು, ಅಂಗಳದಲ್ಲಿ ನಿಂತು, ಸುಮ್ಮನೆ ಮೊಬೈಲ್ ಎತ್ತಿ ಹಿಡಿದ. ಇನ್ನೊಂದಷ್ಟು ಕಾಯಿ ಹಿಡಿದ ಮೇಲೆ ಆ ಮೊಬೈಲನ್ನು ಕಂಡೆ. ಮರುಕ್ಷಣ ನನ್ನ ಕೈ ಹಿಂದಕ್ಕೆ ಹೋಗುತ್ತಿರುವುದು ನನಗೆ ಗೊತ್ತಾಯಿತು. ಅಷ್ಟು ಹೊತ್ತು ತಾನಾಗಿ ಹೋಗುತ್ತಿದ್ದ ಕೈ. ಹಿಂದೆ ಕೂತಿದ್ದದ್ದು ಭಾವ ಎಂದು ತಿಳಿದಿತ್ತು, ಆದರೂ ಬೆನ್ನಿಗೆ ಬಲೆ ತಾಗಿದಂತಾಯಿತು. ಕೆಂಪಣ್ಣನ ಮುಂದಿನ ಜೋಡಿ ಆಗಲೇ ಗಾಳಿಯಲ್ಲಿತ್ತು. ಎರಡು ವರ್ಷ ಬಯಲಿನಲ್ಲಿ ಕಲಿತ ವಿದ್ಯೆಯೆಲ್ಲ ಒಟ್ಟಿಗೆ ಬಂದು, ಮೊದಲನೆಯದನ್ನು ಎಡ ಮುಷ್ಟಿಯಲ್ಲಿ ಗುದ್ದಿದೆ. ಅದು ಬೇಲಿಯಾಚೆ ಹೋಯಿತು. ಎರಡನೆಯದನ್ನು ಬಲಗೈಯಲ್ಲಿ ಗುದ್ದಿದೆ. ಅದು ಚಪ್ಪಡಿಯ ಮೇಲೆ ಬಿದ್ದು ಇಬ್ಭಾಗವಾಯಿತು. ನನ್ನ ಕೈಯೊಳಗೂ ಅದೇ ಸದ್ದು ಬಂತು. ಮೇಲೆ ನೋಡುವ ಅಭ್ಯಾಸವಿಲ್ಲದ ಕೆಂಪಣ್ಣ ಇನ್ನೂ ಎರಡು ಜೋಡಿ ಎಸೆದ. ಅವನ್ನೂ ಗುದ್ದಿದೆ.

ಕೆಂಪಣ್ಣ ತಲೆಯೆತ್ತಿ ಮೊದಲ ಸಲ ನನ್ನನ್ನು ನೋಡಿದ. "ಯಾಕಪ್ಪಾಜಿ," ಅಂದ, "ಕಾಯಿ ಮೇಲೆ ಏನು ಸಿಟ್ಟು?"

"ಇಳೀಲಾ ಕೆಳಕ್ಕೆ" ಅಂದಳು ಅಕ್ಕ. ಏಣಿಯ ಹತ್ತಿರ ಬಂದು ನನ್ನ ಕೈ ನೋಡಿದ ಮೇಲೆ ಅವಳ ದನಿ ಇಳಿಯಿತು. "ಅಯ್ಯೋ ಶಿವನೇ. ಇದಕ್ಕೆ ಮೇಲೆ ಹತ್ತಿಸಿದ್ನಾ ನಿನ್ನ?" ಆಮೇಲೆ ನನ್ನ ಜಾಗಕ್ಕೆ ಅವಳೇ ಸೆರಗು ಸಿಕ್ಕಿಸಿ ಹತ್ತಿದಳು. ನಾನು ಕೆಳಗೆ ಒಂದು ಕುಕ್ಕೆ ಬೋರಲು ಹಾಕಿ, ಅದರ ಮೇಲೆ ಕುಳಿತು ನೋಡಿದೆ. ಕುಳಿತು ನೋಡುವುದು ನನಗೆ ಚೆನ್ನಾಗಿ ಬರುತ್ತದೆ.

ತಿಪಟೂರಿನ ಡಾಕ್ಟರು ಎರಡು ಮೂಳೆ ಬಿರುಕು ಬಿಟ್ಟಿವೆ, ಹೊರಗೆ ಏನೂ ಕಾಣುವುದಿಲ್ಲ, ಆರು ವಾರ ಪ್ಲಾಸ್ಟರ್ ಎಂದರು. ಒಡೆದ ಕಾಯಿಗಳು ಆ ವಾರ ಚಟ್ನಿಯಾಗಿ, ಪಲ್ಯಕ್ಕೆ ತುರಿಯಾಗಿ ನನ್ನೆದುರಿಗೇ ಬಂದವು. ಎಡಗೈಯಲ್ಲಿ ಉಣ್ಣಬೇಡ ಎಂದು ಅಕ್ಕ ಮುದ್ದೆಯನ್ನು ಚಮಚದಲ್ಲಿ ಮುರಿದು ಬಾಯಿಗಿಟ್ಟಳು. ಮೂವತ್ತಮೂರನೆಯ ವಯಸ್ಸಿನಲ್ಲಿ.

ಎರಡು ದಿನ ಬಿಟ್ಟು ಏಜೆಂಟನ ಸಂದೇಶ ಬಂತು: "ವಿಡಿಯೊ ನೋಡಿದರು. ಹೊಸ ಬಗೆಯ ತರಬೇತಿ ಎಂದು ಎಲ್ಲರೂ ಮೆಚ್ಚಿದ್ದಾರೆ. ಅಂಥ ಗುದ್ದು ಅವರು ನೋಡಿಯೇ ಇಲ್ಲವಂತೆ. ಸೋಮವಾರ ಅಲ್ಲಿರಬೇಕು." ನಾನು ಯಾವ ವಿಡಿಯೊವನ್ನೂ ಕಳಿಸಿರಲಿಲ್ಲ. ಗ್ಯಾರೇಜಿಗೆ ಹೋಗಿ ಕೇಳಿದೆ. ನಯಾಜ್ ಬೈಕಿನ ಕೆಳಗಿನಿಂದ ತಲೆ ಹೊರಗೆ ಹಾಕಿದ. ಕೈಯಲ್ಲಿ ಪಾನಾ ಇತ್ತು. "ಕಡೇ ದಿನ ಆಗೋಯ್ತಿತ್ತು ಕಣ್ಲಾ. ಇದ್ದಿದ್ದು ಅದೊಂದೇ. ಹಿಡಿದಿದ್ದೆಲ್ಲ ಕಟ್ ಮಾಡಿ ಗುದ್ದಿದ್ದಷ್ಟೇ ಇಟ್ಟೆ, ತಿರುಗಾ ಮುರುಗಾ ಹಾಕಿ ಮೂರು ನಿಮಿಷ ಮಾಡಿ ನಿನ್ನ ಏಜೆಂಟಂಗೆ ಕಳಿಸ್ದೆ. ಬೈತೀಯಾ?" ನನಗಾಗಿ ಅಷ್ಟು ಮಾಡಿದವರು ಯಾವ ದೇಶದಲ್ಲೂ ಇರಲಿಲ್ಲ.

ಎಡಗೈ ಹೆಬ್ಬೆರಳಿನಲ್ಲಿ ಏಜೆಂಟನಿಗೆ ನಿಜ ಬರೆದೆ: ಕೈ ಮುರಿದಿದೆ, ಆರು ವಾರ. ಅವನು ಬೇಸರ ವ್ಯಕ್ತಪಡಿಸಿ, ಮುಂದಿನ ವರ್ಷ ನೋಡೋಣ, ಅಂದಹಾಗೆ ನಿನ್ನ ವಯಸ್ಸೆಷ್ಟು ಎಂದು ಕೇಳಿದ. ಅದಕ್ಕೂ ನಿಜವನ್ನೇ ಬರೆದೆ. ಆಮೇಲೆ ಉತ್ತರ ಬರಲಿಲ್ಲ. ಬರುವುದೂ ಇಲ್ಲ. ಹೀಗೆ ವಿದೇಶೀ ಫುಟ್‌ಬಾಲಿನಲ್ಲಿ ನನ್ನ ಬದುಕು ಎರಡು ವಿಡಿಯೊಗಳಲ್ಲಿ ಮುಗಿಯಿತು. ಹೊರಗಿಡಬೇಕಾದ್ದನ್ನು ಒಳಗಿಟ್ಟದ್ದು ಒಂದು, ಒಳಗಿಡಬೇಕಾದ್ದನ್ನು ಹೊರಗೆ ಗುದ್ದಿದ್ದು ಇನ್ನೊಂದು. ಮೊದಲನೆಯದಕ್ಕೆ ಕೆಲಸ ಹೋಯಿತು, ಎರಡನೆಯದಕ್ಕೆ ಕೆಲಸಕ್ಕೆ ಕರೆ ಬಂತು.

ಬಲಗೈ ಪ್ಲಾಸ್ಟರಿನಲ್ಲಿರುವುದರಿಂದ ಇದನ್ನೆಲ್ಲ ಡೈರಿಯಲ್ಲಿ ಎಡಗೈಯಿಂದಲೇ ಬರೆದಿಟ್ಟಿದ್ದೇನೆ. ಒಂದಕ್ಷರವೂ ಸರಿಯಿಲ್ಲ. ನಿನ್ನೆ ಮೊನ್ನೆ ಬರೆದ ಪುಟ ಇವತ್ತು ನನಗೇ ಓದಲಾಗುತ್ತಿಲ್ಲ. ಇನ್ನು ಹತ್ತು ವರ್ಷ ಕಳೆದು ಯಾರಾದರೂ ಕೇಳಿದರೆ ನೆನಪೊಂದನ್ನೇ ನಂಬಬೇಕು. ಅದು ಏನು ಹೇಳುತ್ತದೆಂದು ಈಗಲೇ ಗೊತ್ತು: ಅವತ್ತು ಭಾರಿ ಗಾಳಿಯಿತ್ತು.